ಆದಾಯವಿಲ್ಲದ ಹೆಂಡತಿ

ನಿವೃತ್ತಿಯ ನಂತರದ ಮೊದಲ ಪೂರ್ತಿ ವರ್ಷದಲ್ಲಿ ನನಗೆ ಒಂದು ಸಂಗತಿ ತಿಳಿದುಬಂತು. ನಾನು ಯಾವ ಹಣದಲ್ಲಿ ಅಕ್ಕಿ ತರುತ್ತೇನೋ, ಯಾವ ಹಣದಲ್ಲಿ ಕನ್ನಡಕ ಬದಲಿಸುತ್ತೇನೋ, ಆ ಹಣ ಆದಾಯವೇ ಅಲ್ಲ. ಹೀಗೆಂದು ತೀರ್ಮಾನಿಸಿದ್ದು ಮಲೇಷ್ಯಾದ ತೆರಿಗೆ ಕಾನೂನು. ಅದು ಇದನ್ನು ಬಹಳ ಸೌಜನ್ಯದಿಂದಲೇ ತೀರ್ಮಾನಿಸಿತ್ತು ಎಂಬುದನ್ನು ಮೊದಲೇ ಹೇಳಿಬಿಡಬೇಕು.

ಭವಿಷ್ಯನಿಧಿಯಿಂದ ತೆಗೆದದ್ದು ಆದಾಯವಲ್ಲ. ಆ ನಿಧಿ ವರ್ಷಕ್ಕೊಮ್ಮೆ ಕೊಡುವ ಲಾಭಾಂಶವೂ ಅಲ್ಲ. ಒಂದೇ ಕಡೆ ಸಾಕಷ್ಟು ವರ್ಷ ದುಡಿದು, ಸಾಕಷ್ಟು ವಯಸ್ಸಾದ ಮೇಲೆ ಹೊರಬಿದ್ದವಳೆಂಬ ಕಾರಣಕ್ಕೆ, ಕಾಲೇಜು ಬೀಳ್ಕೊಡುವಾಗ ಕೊಟ್ಟ ಗ್ರಾಚ್ಯುಟಿಗೂ ಪೂರ್ತಿ ವಿನಾಯಿತಿ. ಬ್ಯಾಂಕಿನ ಠೇವಣಿಯ ಬಡ್ಡಿಗೂ ಅದೇ ಕೃಪೆ. ಎಲ್ಲವನ್ನೂ ಕಳೆದರೆ ಉಳಿಯುವುದು ಸೊನ್ನೆ. ಇಷ್ಟೊಂದು ವಿನಾಯಿತಿಗೆ ಪಾತ್ರಳಾಗಬೇಕಾದರೆ ಪೂರ್ವಜನ್ಮದಲ್ಲಿ ನಾನೊಂದು ಧರ್ಮಛತ್ರವಾಗಿದ್ದಿರಬೇಕು.

ನಾನು ಪಾಠ ಮಾಡುತ್ತಿದ್ದದ್ದು ಜೀವರಸಾಯನಶಾಸ್ತ್ರ. ಮೊದಲು ಕರ್ನಾಟಕದ ಸರ್ಕಾರಿ ಕಾಲೇಜೊಂದರಲ್ಲಿ, ಆಮೇಲೆ ಗಂಡನ ಹಿಂದೆ ಈ ದೇಶಕ್ಕೆ ಬಂದು ಇಲ್ಲಿನ ವೈದ್ಯಕೀಯ ಕಾಲೇಜೊಂದರಲ್ಲಿ. ಪ್ರಯೋಗಶಾಲೆಗೆ ಬರುವ ಪ್ರತಿ ತಂಡಕ್ಕೂ ಮೊದಲ ದಿನ ಒಂದು ಮಾತು ಹೇಳುತ್ತಿದ್ದೆ. ಪರೀಕ್ಷೆಯಲ್ಲಿ ಸಕ್ಕರೆ ಕಾಣದಿದ್ದರೆ ‘ಸಕ್ಕರೆ ಇಲ್ಲ’ ಎಂದು ಬರೆಯಬೇಡಿ, ‘ಕಂಡುಬರಲಿಲ್ಲ’ ಎಂದು ಬರೆಯಿರಿ. ಇಲ್ಲದಿರುವುದಕ್ಕೂ ನಿಮ್ಮ ಉಪಕರಣಕ್ಕೆ ಕಾಣದಿರುವುದಕ್ಕೂ ವ್ಯತ್ಯಾಸವಿದೆ. ಮಕ್ಕಳು ತಲೆಯಾಡಿಸಿ ‘ಇಲ್ಲ’ ಎಂದೇ ಬರೆಯುತ್ತಿದ್ದರು. ತೆರಿಗೆ ಇಲಾಖೆಯೂ ಅದೇ ತಪ್ಪನ್ನು ಮಾಡುತ್ತದೆಂದು ನಾನು ಹೇಳುವುದಿಲ್ಲ. ಆ ತಪ್ಪನ್ನು ಮಾಡಿದ್ದು ನನ್ನ ಮನೆಯಲ್ಲೇ ಇದ್ದ ಒಬ್ಬರು.

ನನ್ನ ಗಂಡ ಮೈಸೂರಿನವರು. ಕ್ಲಾಂಗ್ ಬಂದರಿನಲ್ಲಿ ಹಡಗಿನ ಸರಕಿನ ಕಾಗದಪತ್ರ ನೋಡುವ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಅವರೂ ನಿವೃತ್ತರೇ, ಆದರೆ ಹಳೆಯ ಕಂಪೆನಿ ಬಿಡದೆ ಸಲಹೆಗಾರರೆಂದು ಕರೆಸಿಕೊಳ್ಳುವುದರಿಂದ ಅವರಿಗೆ ಇನ್ನೂ ಕಾನೂನು ಒಪ್ಪುವಂಥ ಆದಾಯವಿದೆ. ಇಲ್ಲಿ ತೆರಿಗೆಯ ರಿಟರ್ನ್ ಸಲ್ಲಿಸುವ ತಿಂಗಳಾದ ಏಪ್ರಿಲ್ ಹತ್ತಿರ ಬಂದಿತ್ತು. ಪೆಟಾಲಿಂಗ್ ಜಯಾದ ನಮ್ಮ ಫ್ಲ್ಯಾಟಿನಲ್ಲಿ ನಾನು ನೀರುದೋಸೆ ಹೊಯ್ಯುತ್ತಿದ್ದೆ. ಅವರು ಲ್ಯಾಪ್‌ಟಾಪನ್ನು ಚಟ್ನಿಯ ಪಕ್ಕ ಇಟ್ಟುಕೊಂಡು, ಶುಭವಾರ್ತೆ ತಂದವರ ದನಿಯಲ್ಲಿ ಕರೆದರು.

“ಮೇಡಮ್ಮೋರೆ, ಈ ಸಲ ನೀವು ನನ್ನ ಫಾರ್ಮಿಗೇ ಬಂದುಬಿಡಿ.”

“ಎಂತಕ್ಕೆ?”

“ನಿಮ್ಮ ಇನ್ಕಮ್ಮು ಝೀರೋ. ಹೆಂಡತಿಗೆ ಇನ್ಕಮ್ ಇಲ್ದಿದ್ರೆ ಗಂಡನಿಗೆ ರಿಯಾಯ್ತಿ ಇದೆ. ಇಲ್ಲೊಂದು ಟಿಕ್ ಹಾಕಿದ್ರೆ ಮುಗೀತು. ನಿಮ್ಮ ಫೈಲು ಕ್ಲೋಸ್ ಮಾಡಿ ಅಂತ ಒಂದು ಕಾಗದ ಬರ್ದ್ರೆ ನಿಮಗೂ ಪ್ರತಿ ವರ್ಷದ ತಲೆನೋವು ತಪ್ತು.”

“ನನಗೆ ಯಾವ ತಲೆನೋವೂ ಇರಲಿಲ್ಲ ಮಾರಾಯ್ರೆ.”

“ಇರ್ಲಿಲ್ಲ, ಯಾಕಂದ್ರೆ ಫಾರ್ಮ್ ತುಂಬ್ತಿದ್ದದ್ದು ನಾನು,” ಎಂದರು. ಈ ಮಾತು ಸತ್ಯವಾಗಿತ್ತು. ಸತ್ಯವಾಗಿದ್ದದ್ದರಿಂದಲೇ ಆ ಹೊತ್ತಿನ ದೋಸೆ ಸ್ವಲ್ಪ ಸೀದಿತು.

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿ ಒಂದು ಚಿಕ್ಕ ಚೌಕ. ಅದರ ಪಕ್ಕದಲ್ಲಿದ್ದ ಒಕ್ಕಣೆಯನ್ನು ಕನ್ನಡಕ್ಕೆ ತಂದರೆ: ಆದಾಯವಿಲ್ಲದ ಸಂಗಾತಿ. ನಾನು ಕಾವಲಿಯ ಉರಿ ತಗ್ಗಿಸಿ ಅದನ್ನು ಇನ್ನೊಮ್ಮೆ ಓದಿದೆ. ಬೇಡವೆಂದೆ. ಅವರು ನಕ್ಕರು. ಅವರ ಅನುಭವದಲ್ಲಿ, ನಾನು ಮೊದಲು ಬೇಡವೆಂದು ಆಮೇಲೆ ಒಪ್ಪಿಕೊಂಡ ವಸ್ತುಗಳಲ್ಲಿ ಮೈಕ್ರೋವೇವ್ ಒಲೆ, ಚಾಲನಾ ಪರವಾನಗಿ ಮತ್ತು ಅವರೂ ಸೇರಿದ್ದರು.

ಏನು ಅಷ್ಟು ದೊಡ್ಡ ವಿಷಯ ಎಂದು ಓದುವವರು ಕೇಳಬಹುದು. ನನ್ನ ಮಗಳೂ ಕೇಳಿದಳು. ಅದಕ್ಕೆ ಉತ್ತರ ಹೇಳಬೇಕಾದರೆ ನಾನು ಈ ದೇಶಕ್ಕೆ ಬಂದ ಹೊಸತರ ದಿನಗಳಿಗೆ ಹೋಗಬೇಕು. ಆಗ ನನ್ನ ಪಾಸ್‌ಪೋರ್ಟಿನಲ್ಲಿ ನಾನು ಗಂಡನ ಅವಲಂಬಿತಳೆಂದು ಮುದ್ರೆ ಒತ್ತಿದ್ದರು. ಆ ಮುದ್ರೆಗೆ ತಕ್ಕಂತೆ ಲೋಕವೂ ನಡೆದುಕೊಂಡಿತು. ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದರೆ ಗಂಡನ ಸಹಿ ಬೇಕು. ಗ್ರಂಥಾಲಯದ ಚೀಟಿಗೆ ಗಂಡನ ಕಂಪೆನಿಯ ವಿಳಾಸ ಬೇಕು. ಹಲ್ಲುನೋವೆಂದು ದವಾಖಾನೆಗೆ ಹೋದರೆ ಅಲ್ಲಿನ ಹುಡುಗಿ ಹಲ್ಲಿನ ಬಗ್ಗೆ ಕೇಳುವ ಮೊದಲು ಗಂಡನ ಬಗ್ಗೆ ಕೇಳಿದಳು. ನನ್ನೂರಿನಲ್ಲಿ ವಿಭಾಗದ ಬೀಗದ ಕೈಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದ ಹೆಂಗಸು ನಾನು. ಇಲ್ಲಿ ಇನ್ನೊಬ್ಬರ ಸಾಮಾನಿಗೆ ಕಟ್ಟಿದ ಚೀಟಿಯಂತಾಗಿದ್ದೆ.

ಕಾಲೇಜಿನ ಕೆಲಸ ಸಿಕ್ಕಿದ ಮೇಲೆ ಮೊದಲು ಬಂದದ್ದು ಸಂಬಳವಲ್ಲ, ತೆರಿಗೆಯ ಸಂಖ್ಯೆ. ಒಂದು ಸಾದಾ ಲಕೋಟೆಯಲ್ಲಿ, ನನ್ನ ಹೆಸರಿಗೆ, ನನ್ನ ಹೆಸರಿಗೆ ಮಾತ್ರ. ತೆರಿಗೆ ಕಟ್ಟುವ ಕಷ್ಟವನ್ನು ಲೋಕವೆಲ್ಲ ಹೇಳಿಕೊಂಡು ಅಳುತ್ತದೆ. ನನಗೆ ಆ ಲಕೋಟೆ ಶಾಲು ಹೊದಿಸಿದಷ್ಟು ಹಿತವಾಗಿತ್ತು. ಈ ದೇಶದ ಸರ್ಕಾರ ನನ್ನನ್ನು ಯಾರ ಹೆಂಡತಿಯೆಂದು ಕೇಳದೆ ವಸೂಲಿಗೆ ಅರ್ಹಳೆಂದು ಪರಿಗಣಿಸಿತ್ತು. ಅಂದಿನಿಂದ ಪ್ರತಿ ವರ್ಷ ಆ ಸಂಖ್ಯೆಯ ಕೆಳಗೆ ನಾನು ಒಬ್ಬಳೇ ಇದ್ದೆ. ಈಗ ನಿವೃತ್ತಿಯ ಹಣವೆಲ್ಲ ಕಾನೂನಿನ ಕಣ್ಣಿಗೆ ಕಾಣದ್ದರಿಂದ, ಆ ಚೌಕದಲ್ಲಿ ಒಂದು ಗುರುತು ಬಿದ್ದರೆ ನಾನು ಹಳೆಯ ಮುದ್ರೆಯ ಅಡಿಗೆ ವಾಪಸಾಗುತ್ತಿದ್ದೆ. ಅದೂ ವಿಮಾನದ ಟಿಕೆಟಿನ ಖರ್ಚಿಲ್ಲದೆ.

ಮಗಳು ಪೆನಾಂಗಿನ ಬಯಾನ್ ಲೆಪಾಸಿನಲ್ಲಿ ಎಂಜಿನಿಯರು. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಬೇರೆ ಕಾರ್ಖಾನೆಯಿಂದ ಬರುತ್ತದೆ. ಫೋನಿನಲ್ಲಿ ನನ್ನ ಅಹವಾಲನ್ನೆಲ್ಲ ಕೇಳಿ, “ಅಮ್ಮಾ, ಇಟ್ಸ್ ಜಸ್ಟ್ ಎ ಚೆಕ್‌ಬಾಕ್ಸ್ ಲಾ,” ಎಂದಳು.

“ಹಾಗಾದರೆ ನಾಳೆ ನೀನು ನಿನ್ನ ಆಫೀಸಿನ ಫಾರ್ಮಿನಲ್ಲಿ ಅಪ್ಪನ ಅವಲಂಬಿತೆ ಅಂತ ಚೆಕ್ ಮಾಡು.”

“ನೋ ವೇ.”

“ಜಸ್ಟ್ ಎ ಚೆಕ್‌ಬಾಕ್ಸ್ ಅಲ್ವಾ?”

“ಓಕೆ, ಓಕೆ. ಬಟ್ ಅಪ್ಪ ವಿಲ್ ಸಲ್ಕ್,” ಎಂದಳು. ಅಪ್ಪ ಮುಖ ಊದಿಸಿಕೊಳ್ಳುತ್ತಾರೆಂಬುದು ನನಗೆ ಹೊಸ ಸಂಶೋಧನೆಯೇನಾಗಿರಲಿಲ್ಲ.

ಬರೀ ಬೇಡವೆಂದರೆ ಸಾಲದು, ಕಾರಣ ಬೇಕು. ಮಧ್ಯಾಹ್ನಗಳು ಈಗ ನನ್ನವೇ ಆಗಿದ್ದವು. ಇಲಾಖೆಯ ಮಾರ್ಗದರ್ಶಿ ಟಿಪ್ಪಣಿಗಳನ್ನು, ಹಿಂದೆ ಉತ್ತರಪತ್ರಿಕೆ ತಿದ್ದುತ್ತಿದ್ದ ಕೆಂಪು ಪೆನ್ನು ಹಿಡಿದುಕೊಂಡೇ ಓದಲು ಕೂತೆ. ಸಂಗಾತಿಯ ರಿಯಾಯಿತಿಯ ಕೆಳಗೆ ಸಣ್ಣ ಅಕ್ಷರದ ಒಂದು ಸಾಲಿತ್ತು. ಸಂಗಾತಿಗೆ ಮಲೇಷ್ಯಾದ ಹೊರಗಿನ ಮೂಲದಿಂದ ಒಂದು ಮಿತಿಯನ್ನು ಮೀರಿ ವರಮಾನವಿದ್ದರೆ ಈ ರಿಯಾಯಿತಿ ಸಿಗದು. ಮಿತಿಯೂ ಬರೆದಿತ್ತು, ಅದು ಬಹಳ ಎತ್ತರದ್ದಲ್ಲ.

ನಾನು ಪೆನ್ನು ಕೆಳಗಿಟ್ಟೆ. ನನಗೆ ಹೊರಗಿನ ಮೂಲವಿತ್ತು. ಕರ್ನಾಟಕದ ಸರ್ಕಾರಿ ಕೆಲಸದಿಂದ ಸ್ವಯಂನಿವೃತ್ತಿ ಪಡೆದು ಬಂದವಳಿಗೆ ತಿಂಗಳು ತಿಂಗಳೂ ಊರಿನ ಬ್ಯಾಂಕಿಗೆ ಪಿಂಚಣಿ ಬೀಳುತ್ತಿತ್ತು. ಮಿತಿಯನ್ನು ಅದು ಸಲೀಸಾಗಿ ದಾಟುತ್ತಿತ್ತು. ಮಜವೆಂದರೆ, ನಮ್ಮೂರಿನ ತೆರಿಗೆ ಕಾನೂನು ಪಿಂಚಣಿಯನ್ನು ಸಂಬಳ ಎಂಬ ತಲೆಬರಹದ ಅಡಿಯಲ್ಲೇ ಬರೆಸಿಕೊಳ್ಳುತ್ತದೆ. ಅಲ್ಲಿನ ಕಡತದಲ್ಲಿ ನಾನು ಇಂದಿಗೂ ಸಂಬಳ ತೆಗೆದುಕೊಳ್ಳುವ ಹೆಂಗಸು. ಇಲ್ಲಿನದರಲ್ಲಿ ಏನೂ ಇಲ್ಲದವಳು. ನಡುವೆ ಒಂದು ಸಮುದ್ರ ಮಾತ್ರ.

ಇಷ್ಟು ದೊಡ್ಡ ಸಂಗತಿಯನ್ನು ಇಬ್ಬರೂ ಮರೆತದ್ದು ಹೇಗೆ? ಮರೆತಿರಲಿಲ್ಲ. ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ಮುಡಿಪಿನ ಹಣ.

ಸರ್ಕಾರಿ ಕೆಲಸ ಬಿಟ್ಟು ಹೊರಡುವಾಗ ನನಗೆ ಭಯವಿತ್ತು. ಹೋದಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿದರೆ ಈ ಪಿಂಚಣಿಯನ್ನು ಪೂರ್ತಿ ತಿರುಪತಿಯ ತಿಮ್ಮಪ್ಪನಿಗೇ ಬಿಡುತ್ತೇನೆಂದು ಹೇಳಿಕೊಂಡೆ. ಕೆಲಸ ಸಿಕ್ಕಿತು. ಅಲ್ಲಿಂದ ಪ್ರತಿ ವರ್ಷ ಊರಿಗೆ ಹೋದಾಗ ಖಾತೆಯಲ್ಲಿದ್ದದ್ದನ್ನೆಲ್ಲ ತೆಗೆದು, ಅರಿಶಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಗಂಟು ಕಟ್ಟಿ, ದೇವರ ಮುಂದಿಟ್ಟು, ಬೆಟ್ಟ ಹತ್ತಿ ಹುಂಡಿಗೆ ಹಾಕಿ ಬರುತ್ತಿದ್ದೆ. ಮುಡಿಪಿಗೆ ನಮ್ಮಲ್ಲಿ ಕಟ್ಟಳೆಗಳಿವೆ. ಅದರಿಂದ ಸಾಲ ತೆಗೆಯಬಾರದು. ಮೊತ್ತವನ್ನು ಬಾಯಿಬಿಟ್ಟು ಹೇಳಬಾರದು. ಮನೆಯ ಖರ್ಚಿನ ಮಾತು ನಡೆಯುವಾಗ ಅದರ ಸುದ್ದಿಯನ್ನೇ ಎತ್ತಬಾರದು. ಖಾತೆಯ ಪುಸ್ತಕವನ್ನು ಅಣ್ಣ ದೇವರ ಕೋಣೆಯಲ್ಲಿ ಕುಂಕುಮದ ಬಟ್ಟಲಿನ ಪಕ್ಕ ಇಟ್ಟಿದ್ದ. ಇಷ್ಟು ವರ್ಷ ಇಷ್ಟು ಭಕ್ತಿಯಿಂದ ಲೆಕ್ಕದಿಂದ ಹೊರಗಿಟ್ಟ ಹಣ ಇಬ್ಬರ ತಲೆಯಲ್ಲೂ ಆದಾಯವೆಂಬ ಮಾತಿನ ಹತ್ತಿರ ಸುಳಿಯುತ್ತಲೇ ಇರಲಿಲ್ಲ.

ಸಂಜೆ ಅವರು ಬಂದಾಗ ಆ ಸಾಲನ್ನು ತೋರಿಸಿದೆ. ಓದಿದರು. ಕನ್ನಡಕ ಹಣೆಗೇರಿಸಿದರು.

“ಅದು ದೇವರದ್ದು ಕಣೇ.”

“ಬ್ಯಾಂಕಿನಲ್ಲಿ ಹೆಸರು ಯಾರದ್ದುಂಟು?”

“ಹೆಸರು ನಿಂದು. ದುಡ್ಡು ದೇವರದ್ದು. ಒಂದು ರೂಪಾಯಿ ಆದ್ರೂ ತಿಂದಿದೀಯಾ?”

“ಇಲ್ಲ.”

“ಮತ್ತೆ? ತಿನ್ನದೇ ಇದ್ದದ್ದು ಇನ್ಕಮ್ ಹೇಗಾಗುತ್ತೆ? ಸುಮ್ನೆ ದೇವರನ್ನ ತೆರಿಗೆ ಆಫೀಸಿಗೆ ಎಳೀಬೇಡ. ಭಾನುವಾರ ಅವನನ್ನೇ ಕೇಳೋಣ.”

ಅವನು ಎಂದರೆ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಗೃಹಸ್ಥ. ನಮ್ಮ ಕಡೆಯವರ ತೆರಿಗೆ ಪುರೋಹಿತ. ಇಲ್ಲಿನ ಕನ್ನಡಿಗರಲ್ಲಿ ಕೆಲವು ಸಂಸಾರಗಳು ಏಪ್ರಿಲಿನ ಒಂದು ಭಾನುವಾರ ಅವನ ಮನೆಯಲ್ಲಿ ಸೇರುವುದು ಪದ್ಧತಿ. ಗಂಡಸರು ಊಟದ ಮೇಜಿನ ಸುತ್ತ ಲ್ಯಾಪ್‌ಟಾಪು ತೆರೆದು ಕೂರುತ್ತಾರೆ. ಪುರೋಹಿತ ನಡುವೆ ಕೂತು ಒಬ್ಬೊಬ್ಬರಿಗೂ ಮಂತ್ರ ಹೇಳಿಕೊಡುತ್ತಾನೆ. ಪುಸ್ತಕದ ರಿಯಾಯಿತಿ, ವಿಮೆಯ ರಿಯಾಯಿತಿ, ಓಟದ ಬೂಟಿನ ರಿಯಾಯಿತಿ ಎಂದು ಆಹುತಿಗಳು ಬೀಳುತ್ತವೆ. ಹೆಂಗಸರು ನೈವೇದ್ಯದ ಕಡೆ ನೋಡಿಕೊಳ್ಳುತ್ತಾರೆ. ಯಜ್ಞದಲ್ಲಿ ಪತ್ನಿಯ ಪಾತ್ರವೇನೋ ಇಲ್ಲೂ ಅದೇ: ಪಕ್ಕದಲ್ಲಿರುವುದು, ಕೇಳಿದಾಗ ಗುರುತಿನ ಚೀಟಿ ಕೊಡುವುದು. ನಾನೂ ವರ್ಷಗಟ್ಟಲೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತ, ಒಳಗಿನಿಂದ ‘ಹೂಂ’ ಎಂದವಳೇ.

ಭಾನುವಾರಕ್ಕೆ ಮೊದಲು ಇನ್ನೊಂದು ಕೆಲಸ ಮಾಡಿದೆ. ಒಬ್ಬಳೇ ಎಲ್ಆರ್‌ಟಿ ರೈಲು ಹತ್ತಿ ತೆರಿಗೆ ಕಚೇರಿಗೆ ಹೋದೆ. ಕೌಂಟರಿನಲ್ಲಿ ತಲೆವಸ್ತ್ರ ತೊಟ್ಟ ಹುಡುಗಿ, ನನ್ನ ವಿದ್ಯಾರ್ಥಿನಿಯರ ವಯಸ್ಸು. ಆದಾಯ ಸೊನ್ನೆಯಾದವರು ರಿಟರ್ನ್ ಸಲ್ಲಿಸಬಹುದೇ ಎಂದು ಕೇಳಿದೆ. ಈ ಪ್ರಶ್ನೆ ಕೇಳಿ ಅವಳು ನನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿದಳು.

“ಆಂಟಿ, ಝೀರೋ ಆಲ್ಸೋ ಕ್ಯಾನ್,” ಎಂದಳು. “ಫೈಲ್ ಸ್ಟಿಲ್ ಓಪನ್, ಮಸ್ಟ್ ಸಬ್ಮಿಟ್. ಆಂಟಿ ವಾಂಟ್ ಟು ಕ್ಲೋಸ್?”

“ನೋ.”

“ಪೀಪಲ್ ಆಲ್ವೇಸ್ ಕಮ್ ಟು ಕ್ಲೋಸ್,” ಎಂದು ನಕ್ಕು, ಮುಂದಿನ ಸಂಖ್ಯೆಯ ಗುಂಡಿ ಒತ್ತಿದಳು. ಆ ಕಚೇರಿಯ ಚರಿತ್ರೆಯಲ್ಲಿ, ತೆರಿಗೆಯವರ ಹಿಡಿತದಿಂದ ತಪ್ಪಿಸಿಕೊಳ್ಳಲು ಒಪ್ಪದೆ ಮೆಟ್ಟಿಲಿಳಿದ ಮೊದಲ ಹೆಂಗಸು ನಾನಿರಬೇಕು. ಅದನ್ನು ಕೊಂಡಾಡಲು ಕೆಳಗೆ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನಲ್ಲಿ ಕೂತು ಒಂದು ತೆಹ್ ತಾರಿಕ್ ಕುಡಿದೆ. ಎತ್ತರದಿಂದ ಹೊಯ್ದು ನೊರೆ ಎಬ್ಬಿಸಿದ ಆ ಚಹಾ, ಸುಡುವ ಮಧ್ಯಾಹ್ನದಲ್ಲೂ ಸಕ್ಕರೆಯ ವಿಷಯದಲ್ಲಿ ಯಾವ ವಿನಾಯಿತಿಯನ್ನೂ ಕೊಡುವುದಿಲ್ಲ.

ಭಾನುವಾರ ಬಂತು. ಪುರೋಹಿತನ ಮನೆ ಎತ್ತರದ ಕಾಂಡೋ. ಅವನ ಹೆಂಡತಿ ಹುಬ್ಬಳ್ಳಿಯವಳು. ಬ್ಯಾಂಕೊಂದರ ತಾಂತ್ರಿಕ ವಿಭಾಗದಲ್ಲಿ ಅವನಿಗಿಂತ ದೊಡ್ಡ ಹುದ್ದೆ, ಅವನಿಗಿಂತ ದೊಡ್ಡ ದನಿ. ಬಿಸಿಬೇಳೆಬಾತಿನ ಪಾತ್ರೆ ನನ್ನ ಕೈಗೆ ಕೊಡಲು ಬಂದಳು. ನಾನು ತೆಗೆದುಕೊಳ್ಳಲಿಲ್ಲ. ಅಡುಗೆಮನೆಯಿಂದ ಹೊರಗೆ ಹೋಗಿ ಊಟದ ಮೇಜಿನ ಬಳಿ ಗಂಡನ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತೆ. ಮೇಜಿನ ಸುತ್ತಲ ನಾಲ್ಕಾರು ಮೊಣಕೈಗಳು ಸ್ವಲ್ಪ ಸರಿದವು.

ನಮ್ಮ ಸರದಿ ಬಂತು. ಪುರೋಹಿತ ನನ್ನ ಗಂಡನ ಪರದೆಯ ಮೇಲೆ ಬೆರಳಾಡಿಸುತ್ತ, “ಸರ್, ಮೇಡಂ ರಿಟೈರ್ಡ್ ಅಲ್ವಾ ಈಗ? ಇನ್ಕಮ್?” ಎಂದ.

“ನಿಲ್,” ಎಂದರು ನನ್ನವರು.

“ಫಾರಿನ್ ಇನ್ಕಮ್?”

“ನಿಲ್.”

“ಉಂಟು,” ಎಂದೆ ನಾನು.

ನನ್ನವರು ನನ್ನ ಕಡೆ ನೋಡದೆ ಪುರೋಹಿತನಿಗೆ ವಿಷಯ ವಿವರಿಸಿದರು: ಊರಿನ ಪಿಂಚಣಿ, ಆದರೆ ಮುಡಿಪು, ಒಂದು ಕಾಸೂ ಮನೆಗೆ ಬರುವುದಿಲ್ಲ. ವಿವರಣೆಯಲ್ಲಿ ಅವರು ತಿಮ್ಮಪ್ಪನನ್ನು ಖಾತೆಯ ಜಂಟಿ ಹಕ್ಕುದಾರನಂತೆ ಚಿತ್ರಿಸಿದ್ದು ನನಗೆ ಸ್ವಲ್ಪ ಅತಿಯೆನಿಸಿತು.

“ಇಲ್ಲಿಗೆ ತರ್ತೀರಾ ಮೇಡಂ ಆ ದುಡ್ಡನ್ನ?” ಪುರೋಹಿತ ಕೇಳಿದ.

“ಇಲ್ಲ. ಅಲ್ಲಿಂದಲೇ ಹೋಗುದು.”

“ಹಾಗಾದ್ರೆ ನಿಮ್ಮ ರಿಟರ್ನ್‌ನಲ್ಲಿ ಅದು ಬರಲ್ಲ. ಆದ್ರೆ ಸರ್ ರಿಲೀಫ್‌ಗೆ ಮಾತ್ರ... ಒಂದ್ನಿಮಿಷ.” ಅವನು ಟಿಪ್ಪಣಿ ಹುಡುಕಿ, ನಾನು ಕೆಂಪು ಗೆರೆ ಎಳೆದಿದ್ದ ಅದೇ ಸಾಲನ್ನು ಓದಿದ. ಓದಿ ಕುತ್ತಿಗೆ ಕೆರೆದುಕೊಂಡ. “ಟೆಕ್ನಿಕಲಿ ಕೌಂಟ್ ಆಗುತ್ತೆ ಅನ್ಸುತ್ತೆ ಸರ್. ಆದ್ರೆ ಡಿವೋಷನಲ್ ಪರ್ಪಸ್...”

“ಅದೇ ನಾನು ಹೇಳಿದ್ದು,” ಎಂದರು ನನ್ನವರು. “ಅದು ಇವಳ ದುಡ್ಡೇ ಅಲ್ಲ. ದೇವರದ್ದು.”

ಹುಬ್ಬಳ್ಳಿಯವಳು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. “ದೇವ್ರದ್ದು ಅಂದ್ರ ದೇವ್ರು ರಿಟರ್ನ್ ಹಾಕ್ತಾನೇನ್ರಿ ಮತ್ತ?”

ಎಲ್ಲರೂ ನಕ್ಕರು. ನಗುವಿನಲ್ಲಿ ವಿಷಯ ಕರಗಿಹೋಗುವ ಲಕ್ಷಣ ಕಂಡಿತು. ಹೀಗೆ ಎಷ್ಟೋ ವಿಷಯಗಳು ಎಷ್ಟೋ ಮನೆಗಳಲ್ಲಿ ನಗುವಿನಲ್ಲಿ ಕರಗಿ, ಆಮೇಲೆ ಊಟವಾಗಿದೆ. ಈ ಸಲ ಹಾಗಾಗಲು ಬಿಡಬಾರದೆಂದು ನಿರ್ಧರಿಸಿದ್ದೆ. ತರಗತಿ ಗದ್ದಲವೆಬ್ಬಿಸಿದಾಗ ದನಿ ಏರಿಸುವ ಬದಲು ಇಳಿಸಬೇಕು ಎಂಬುದು ನನ್ನ ವೃತ್ತಿಯ ಏಕೈಕ ಗುಟ್ಟು.

“ನೋಡಿ,” ಎಂದೆ ಮೆಲ್ಲಗೆ. “ಆ ಹಣ ನನ್ನದಲ್ಲದಿದ್ದರೆ ಇಷ್ಟು ವರ್ಷ ನಾನು ಹುಂಡಿಗೆ ಹಾಕಿದ್ದು ಎಂತ? ದೇವರ ಹಣವನ್ನೇ ದೇವರಿಗೆ ಮುಟ್ಟಿಸಿ ಬಂದದ್ದಾ? ಅದು ಹರಕೆ ಅಲ್ಲ ಮಾರಾಯ್ರೆ, ಕೊರಿಯರ್. ನಾನು ಪಾಠ ಹೇಳಿ ದುಡಿದ ಪಿಂಚಣಿ ಅದು. ಆ ಬ್ಲ್ಯಾಕ್‌ಬೋರ್ಡಿನ ಸೀಮೆಸುಣ್ಣ ನುಂಗಿ ಬಂದ ಹಣ. ನನ್ನದಾಗಿತ್ತು, ಅದಕ್ಕೇ ಕೊಟ್ಟೆ. ನನ್ನದಲ್ಲ ಅಂತ ನೀವು ಬರೆದರೆ ಕೊಟ್ಟದ್ದೂ ಸುಳ್ಳಾಗ್ತದೆ.”

ಯಾರೂ ನಗಲಿಲ್ಲ. ನನ್ನವರು ಪರದೆಯನ್ನೇ ನೋಡುತ್ತಿದ್ದರು. ಅವರಿಗೆ ಸಿಟ್ಟು ಬಂದಿದೆಯೆಂದು ನಾನು ಅಂದುಕೊಂಡೆ. ಮದುವೆಯಾಗಿ ಇಷ್ಟು ಕಾಲವಾದರೂ ಅವರು ಯೋಚಿಸುವಾಗಿನ ಮುಖಕ್ಕೂ ಸಿಟ್ಟಿನ ಮುಖಕ್ಕೂ ನಡುವಿನ ವ್ಯತ್ಯಾಸ ನನಗಿನ್ನೂ ಪೂರ್ತಿ ಸಿಕ್ಕಿಲ್ಲ. ಕೊನೆಗೆ ಅವರು ಮಾತಾಡಿದ್ದು ನನ್ನೊಡನೆ ಅಲ್ಲ, ಪುರೋಹಿತನೊಡನೆಯೂ ಅಲ್ಲ, ಮೇಜಿನ ಮೇಲಿದ್ದ ಉಪ್ಪಿನಕಾಯಿಯ ಬಾಟಲಿಯೊಡನೆ.

“ಟ್ರಾನ್ಸಿಟ್ ಕಾರ್ಗೋ,” ಎಂದರು.

“ಏನು ಸರ್?”

“ನಮ್ಮ ಪೋರ್ಟಿಗೆ ದಿನಾ ಬರುತ್ತೆ. ಪೆಟ್ಟಿಗೆ ಒಂದು ಹಡಗಿಂದ ಇಳಿಯುತ್ತೆ, ಇನ್ನೊಂದು ಹಡಗು ಹತ್ತಿ ಬೇರೆ ದೇಶಕ್ಕೆ ಹೋಗುತ್ತೆ. ಇಲ್ಲಿ ಯಾರೂ ಬಿಚ್ಚೋದಿಲ್ಲ, ಯಾರೂ ತಿನ್ನೋದಿಲ್ಲ. ಸುಂಕವೂ ಇಲ್ಲ.” ಬಾಟಲಿಯ ಮುಚ್ಚಳ ಬಿಗಿ ಮಾಡಿದರು. “ಆದ್ರೆ ಪಟ್ಟಿಯಲ್ಲಿ ಬರೀಲೇಬೇಕು. ತಿನ್ನಲ್ಲ ಅಂತ ಬರೀದೆ ಬಿಟ್ರೆ ಅದಕ್ಕೆ ಬೇರೆ ಹೆಸರು. ಇಡೀ ಸರ್ವೀಸಲ್ಲಿ ನಾನು ಯಾರಿಗೂ ಹಾಗೆ ಬಿಡೋಕೆ ಕೊಟ್ಟಿಲ್ಲ. ದೇವಸ್ಥಾನದ ವಿಗ್ರಹ ಬಂದಾಗ್ಲೂ ಬರೆಸಿದೀನಿ.”

“ಹಾಗಾದ್ರೆ ಸರ್...”

“ತೆಗೀರಿ ಆ ಟಿಕ್ಕು.”

ಪುರೋಹಿತ ತೆಗೆದ. ಅದನ್ನು ತೆಗೆದೊಡನೆ ಕೆಳಗೆ ನನ್ನವರು ಕಟ್ಟಬೇಕಾದ ತೆರಿಗೆಯ ಅಂಕಿ ಎದ್ದು ನಿಂತಿತು. ಅವರು ಅದನ್ನು, ದಂತವೈದ್ಯರ ಬಿಲ್ಲನ್ನು ನೋಡುವವರಂತೆ, ಗೌರವದಿಂದ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಸಂತೋಷಾನಾ?” ಎಂದರು.

“ಅರ್ಧ,” ಎಂದೆ. “ಇನ್ನು ನನ್ನದು.”

“ಮೇಡಂ, ನಿಮ್ಮದು ಝೀರೋ ಅಲ್ವಾ,” ಪುರೋಹಿತ ಅಂದ. ಅವನಿಗೆ ಊಟದ ಹೊತ್ತಾಗಿತ್ತು, ಪಾಪ. “ಅದಕ್ಕೆ ಪ್ರತಿ ವರ್ಷ ಯಾಕೆ ಕಷ್ಟ? ಒಂದು ಲೆಟರ್ ಡ್ರಾಫ್ಟ್ ಮಾಡಿ ಕೊಡ್ತೀನಿ, ಫೈಲ್ ಕ್ಲೋಸ್ ಮಾಡಿಸಿ.”

“ಝೀರೋ ಆಲ್ಸೋ ಕ್ಯಾನ್,” ಎಂದೆ. ನನ್ನ ಬಾಯಿಂದ ಆ ಭಾಷೆ ಕೇಳಿ ಮೇಜಿನ ಸುತ್ತ ಇದ್ದವರೆಲ್ಲ ತಲೆಯೆತ್ತಿದರು. “ಕೌಂಟರಿನಲ್ಲಿ ಕೇಳಿಯೇ ಬಂದಿದ್ದೇನೆ. ಲ್ಯಾಪ್‌ಟಾಪ್ ಈಚೆ ಕೊಡಿ.”

ನನ್ನವರು ತಮ್ಮ ಖಾತೆಯಿಂದ ಹೊರಬಂದು, ನನ್ನ ಗುರುತಿನ ಸಂಖ್ಯೆಯನ್ನು ಟೈಪು ಮಾಡಿ, ಪಾಸ್‌ವರ್ಡನ್ನೂ ತಾವೇ ಹಾಕಿದರು. ನೋಡದೆ ಹಾಕಿದರು, ಅವರ ಬೆರಳುಗಳಿಗೆ ಅದು ಬಾಯಿಪಾಠವಾಗಿತ್ತು. ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನೊಬ್ಬಳೇ ಇದ್ದೇನೆಂದುಕೊಂಡಿದ್ದ ಮನೆಯ ಬೀಗದ ಕೈ ನನ್ನಲ್ಲಿ ಇರಲೇ ಇಲ್ಲ. ಇದರಲ್ಲಿ ಅವರ ತಪ್ಪೇನೂ ಇಲ್ಲ; ಒಳಗಿನಿಂದ ‘ಹೂಂ’ ಎಂದವಳು ನಾನು. ಆದರೆ ಆ ಹೊತ್ತಿನಲ್ಲಿ ಅದನ್ನು ನೋಡಿ ಬೆನ್ನು ನೆಟ್ಟಗಾಯಿತು.

ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಫಾರ್ಮು ತೆರೆದುಕೊಂಡಿತು. ನಾನು ಒಂದೊಂದೇ ಬೆರಳಿನಲ್ಲಿ ಟೈಪು ಮಾಡುವವಳು. ಅದನ್ನು ನೋಡಲಾರದೆ ಪುರೋಹಿತ ಎರಡು ಸಲ ಕೈ ಚಾಚಿದ, ಎರಡು ಸಲವೂ ನನ್ನವರು ಅವನ ಕೈಯನ್ನು ಹಿಂದಕ್ಕೆ ಸರಿಸಿದರು. ಉದ್ಯೋಗದಿಂದ ಆದಾಯ: ಸೊನ್ನೆ. ಬಾಡಿಗೆ: ಸೊನ್ನೆ. ಇತರೆ: ಸೊನ್ನೆ. ತೆರಿಗೆಗೆ ಒಳಪಡುವ ಪಿಂಚಣಿ: ಸೊನ್ನೆ. ಅಷ್ಟು ವಿನಾಯಿತಿಗಳನ್ನು ಕೊಟ್ಟ ಕಾನೂನು ಅವುಗಳನ್ನು ಬರೆಯಲು ಒಂದು ಚೌಕವನ್ನೂ ಕೊಟ್ಟಿರಲಿಲ್ಲ. ದುಡಿದ ವರ್ಷಗಳಿಗೆ ಅಲ್ಲಿ ಜಾಗವಿರಲಿಲ್ಲ. ಆದರೆ ಮೇಲ್ಗಡೆ ಮೂಲೆಯಲ್ಲಿ ನನ್ನ ಸಂಖ್ಯೆಯಿತ್ತು, ಅದರ ಮುಂದೆ ನನ್ನ ಹೆಸರು, ಮತ್ತು ತೆರಿಗೆಯನ್ನು ಹೇಗೆ ನಿರ್ಧರಿಸಬೇಕೆಂಬಲ್ಲಿ ಆರಿಸಿಕೊಳ್ಳಲು ಒಂದು ಪಟ್ಟಿ. ‘ಪ್ರತ್ಯೇಕ’ ಎಂಬುದನ್ನು ಒತ್ತಿದೆ. ಅದು ಒಮ್ಮೆಗೇ ಕೂರಲಿಲ್ಲ, ಇನ್ನೊಮ್ಮೆ ಒತ್ತಿದೆ.

ಸಲ್ಲಿಸುವ ಮೊದಲು ಯಂತ್ರ ಒಂದು ಘೋಷಣೆಯನ್ನು ಓದಿಸಿತು. ಮೇಲಿನ ವಿವರಗಳು ನಿಜ, ಪೂರ್ಣ ಮತ್ತು ಸರಿ ಎಂದು. ಅದನ್ನು ಪೂರ್ತಿ ಓದಿದೆ. ಇಷ್ಟು ವರ್ಷ ನನ್ನ ಹೆಸರಿನಲ್ಲಿ ನನ್ನವರು ಇದನ್ನು ಓದದೆ ಒತ್ತುತ್ತಿದ್ದರೆಂದು ನನಗೆ ಖಾತ್ರಿಯಿದೆ, ಯಾಕೆಂದರೆ ಪಕ್ಕದಲ್ಲಿ ಅವರು, “ಅದೆಲ್ಲ ಓದ್ತಾರೇನೇ ಯಾರಾದ್ರೂ,” ಎನ್ನುತ್ತಿದ್ದರು. ಒತ್ತಿದೆ. ಸ್ವೀಕೃತಿ ಬಂತು. ಕಟ್ಟಬೇಕಾದ ತೆರಿಗೆ ಏನೂ ಇಲ್ಲ, ಧನ್ಯವಾದಗಳು.

ಹುಬ್ಬಳ್ಳಿಯವಳು ಸೌಟನ್ನು ಮೇಜಿನ ಮೇಲಿಟ್ಟು, ಗಂಡನ ಹೆಗಲ ಮೇಲಿಂದ ಬಗ್ಗಿ, “ರೀ, ನನ್ನ ಪಾಸ್‌ವರ್ಡ್ ಏನ್ರಿ?” ಎಂದು ಕೇಳಿದಳು. ಪುರೋಹಿತ ಮಂತ್ರ ಮರೆತವನಂತೆ ಕೂತ.

“ಊಟ ಮಾಡೋಣ,” ಎಂದ.

“ಮಾಡೂಣಂತ. ಮೊದ್ಲ ಹೇಳ್ರಿ.”

ಅವರಿಬ್ಬರ ಮಾತು ನಡೆಯುತ್ತಿರುವಾಗ ನಾನು ಪರದೆಯ ಮೇಲಿನ ಮೂಲೆಯಲ್ಲಿ ಪಾಸ್‌ವರ್ಡ್ ಬದಲಿಸುವ ಜಾಗವನ್ನು ಹುಡುಕಿದೆ. ಸಿಕ್ಕಿತು. ಹಳೆಯದನ್ನು ಹಾಕಿ ಎಂದಿತು. ನನ್ನವರನ್ನು ಕೇಳಿದೆ, ಅವರು ಹಾಕಿಕೊಟ್ಟರು. ಹೊಸದನ್ನು ಹಾಕಿ ಎಂದಿತು. ಲ್ಯಾಪ್‌ಟಾಪನ್ನು ಸ್ವಲ್ಪ ನನ್ನ ಕಡೆಗೆ ತಿರುಗಿಸಿಕೊಂಡೆ.

“ಏನು ಹಾಕ್ದೆ?” ಎಂದರು ಅವರು.

ಒಂದೊಂದೇ ಅಕ್ಷರ ಒತ್ತುವುದನ್ನು ಮುಗಿಸಿ, ಮುಚ್ಚಳ ಮುಚ್ಚಿ, ಬಿಸಿಬೇಳೆಬಾತು ಬಡಿಸಲು ಎದ್ದೆ. ಅವರಿಗೆ ತುಪ್ಪ ಒಂದು ಚಮಚ ಹೆಚ್ಚೇ ಹಾಕಿದೆ. ಪಾಸ್‌ವರ್ಡ್ ಹೇಳಲಿಲ್ಲ.